ಎಡೆ, ಎಡೈ ಮತ್ತು ಶಿವಲಿಂಗನ ಗುಂಡಿ

ಶಿವಲಿಂಗಂ ಕೂತಿದ್ದನ್ನು ಊರೆಲ್ಲ ನೋಡಿದೆ. ಅವನ ಕಾಲುಗಳು ಕೂತಿದ್ದನ್ನು ಮಾತ್ರ ಯಾರೂ ನೋಡಿಲ್ಲ. ಬಲಗಾಲು ಒತ್ತುತ್ತದೆ, ಎಡಗಾಲು ಏಳುತ್ತದೆ. ಎಡಗಾಲು ಒತ್ತುತ್ತದೆ, ಬಲಗಾಲು ಏಳುತ್ತದೆ. ಮದುವೆ ಊಟಕ್ಕೆ ಕೂತರೆ ಮೇಜು ಅಲುಗಿ ಎದುರಿನವರ ಪಾಯಸ ಪಕ್ಕದವರ ಸಾರಿಗೆ ಸೇರುತ್ತದೆ. ತಮಿಳು ಸೀಮೆಯ ನಮ್ಮ ಅನ್ನೂರಿನಿಂದ ಅವಿನಾಶಿಗೆ ಹೋಗುವ ಟೌನ್ ಬಸ್ಸಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ಕೂತ ದಿನ ಡ್ರೈವರು ಬಸ್ಸು ನಿಲ್ಲಿಸಿ, ಇಳಿದು, ಚಕ್ರದ ನಟ್ಟುಗಳನ್ನೆಲ್ಲ ಮುಟ್ಟಿ ನೋಡಿ ಬಂದನಂತೆ. ನಿದ್ದೆಯಲ್ಲೂ ಬಿಡುವಿಲ್ಲ. ಮದುವೆಯಾದಾಗಿನಿಂದ ಅವನ ನಿದ್ದೆಗಾಲಿನಿಂದ ತಾನು ತಿಂದ ಒದೆಗಳನ್ನು ಸಾಲಾಗಿ ಜೋಡಿಸಿದರೆ ಪೊಳ್ಳಾಚಿ ಮುಟ್ಟಿ ವಾಪಸು ಬರಬಹುದು ಎಂದು ಅವನ ಹೆಂಡತಿ ರಾಮಾಯಿ ಹೇಳುತ್ತಾಳೆ.

ಅದು ಕಾಯಿಲೆಯಲ್ಲ, ಕಸುಬು. ಗುಂಡಿಮಗ್ಗದಲ್ಲಿ ಪಳಗಿದ ಕಾಲು. ನೆಲದಲ್ಲಿ ತೊಡೆಯಾಳಕ್ಕೆ ಗುಂಡಿ ತೋಡಿರುತ್ತದೆ. ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಹೊಟ್ಟೆಯ ಮುಂದೆ ಅಡ್ಡಲಾಗಿ ಒಂದು ಮರದ ದಿಂಡು. ನೆಯ್ದ ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕೂತವನ ಬೆನ್ನಿಗೂ ಆ ದಿಂಡಿಗೂ ನಡುವೆ ಎಷ್ಟು ಜಾಗವೋ ಅಷ್ಟೇ ಹೊಟ್ಟೆ ನೇಕಾರನಿಗೆ ಇರತಕ್ಕದ್ದು. ಶಿವಲಿಂಗನ ಗುಂಡಿಯನ್ನು ಅವನಪ್ಪ ಚೆನ್ನಿಯಪ್ಪನ್ ತನ್ನ ಮೈಗೆ ಅಳೆದು ತೋಡಿದ್ದ. ಚೆನ್ನಿಯಪ್ಪನ್ ನನಗೆ ದೊಡ್ಡಪ್ಪನಾಗಬೇಕು. ಎಷ್ಟು ಸಣಕಲು ಎಂದರೆ, ಅವನು ಬಿಸಿಲಿನಲ್ಲಿ ನಿಂತರೆ ನೆರಳು ಬೀಳಲೋ ಬೇಡವೋ ಎಂದು ಯೋಚನೆ ಮಾಡುತ್ತಿತ್ತು.

ದೊಡ್ಡಪ್ಪನೂ ನನ್ನಪ್ಪನೂ ಮನೆ ಪಾಲು ಮಾಡಿಕೊಂಡಾಗ ಆ ಗುಂಡಿಯ ಬೆನ್ನಿಗೇ ಗೋಡೆ ಎದ್ದಿತು. ಗೋಡೆಯ ಆಚೆ ಶಿವಲಿಂಗಂ, ಈಚೆ ನಾನು. ಒಂದೇ ಇಟ್ಟಿಗೆ ದಪ್ಪದ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನುವವನು ನಾನು. ಆದ್ದರಿಂದ ಈ ಕತೆಯಲ್ಲಿ ಸುಳ್ಳಿಗೆ ಹೆಚ್ಚು ಜಾಗವಿಲ್ಲ. ಇದ್ದಷ್ಟನ್ನು ನಾನು ಖಾಲಿ ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಶಿವಲಿಂಗನ ಮಗ ಸೆಲ್ವಕುಮಾರ್ ಊರಾಚೆ ಒಂದು ಪವರ್‌ಲೂಮ್ ಶೆಡ್ ಹಿಡಿದ. ಅಪ್ಪನನ್ನು ಗುಂಡಿಯಿಂದ ಎಬ್ಬಿಸಿ, ಮಗ್ಗದ ಮರಗಳನ್ನು ಅಟ್ಟಕ್ಕೆ ಹಾಕಿ, ಗುಂಡಿಗೆ ಹಲಗೆ ಮುಚ್ಚಿ, ಶೆಡ್ಡಿನ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ.

"ಅಪ್ಪಾ, ಇನ್ಮೇಲೆ ನೀ ತುಳೀಬೇಡ. ಮಿಷಿನು ತುಳೀತದೆ. ನೂಲು ಹರಿದ್ರೆ ಕೂಗು, ಅಷ್ಟೇ."

ಪ್ರೀತಿಯಿಂದಲೇ ಹೇಳಿದ್ದು. ಶಿವಲಿಂಗಂ ಕೂತ. ಮಿಷಿನು ತುಳಿಯಿತು. ಆದರೆ ಈ ಹೊಸ ಏರ್ಪಾಡನ್ನು ಹೊಟ್ಟೆಗೆ ಯಾರೂ ತಿಳಿಸಿರಲಿಲ್ಲ. ಅದು ಗುಂಡಿಯಲ್ಲಿದ್ದಾಗ ಕೇಳುತ್ತಿದ್ದಷ್ಟನ್ನೇ ಕುರ್ಚಿಯಲ್ಲೂ ಕೇಳಿತು, ಕೊಟ್ಟಷ್ಟನ್ನೂ ಇಟ್ಟುಕೊಂಡಿತು. ಮೊದಲು ಅಂಗಿಯ ಗುಂಡಿ ಕೈಕೊಟ್ಟಿತು. ಆಮೇಲೆ ಕುರ್ಚಿಯ ಒಂದು ಕಾಲು; ಬೇರೆ ಕುರ್ಚಿ ಬಂತು. ಹಾಗೇ ಬೆಳೆಯುತ್ತ ಬೆಳೆಯುತ್ತ ಹೊಟ್ಟೆ ಮೊದಲು ಹೊಸ್ತಿಲು ದಾಟುವುದು, ಶಿವಲಿಂಗಂ ಹಿಂದಿನಿಂದ ಬರುವುದು ಎಂದಾಯಿತು. ರಾಮಾಯಿ ಬಾಗಿಲಲ್ಲಿ ಹೊಟ್ಟೆ ಕಂಡೊಡನೆ ಎಲೆ ಹಾಕಿ ಬಡಿಸಿದರೆ, ಮಿಕ್ಕ ಶಿವಲಿಂಗಂ ಒಳಗೆ ಬರುವಷ್ಟರಲ್ಲಿ ಅನ್ನ ಆರಿರುತ್ತಿತ್ತು.

ಮನೆಗೆ ಬಂದವನು ಉಣ್ಣುವ ಮೊದಲು ಒಂದು ಕೆಲಸ ಮಾಡುತ್ತಿದ್ದ. ಗುಂಡಿಯ ಹಲಗೆ ಸರಿಸಿ ಒಳಗೆ ನೋಡುವುದು. ಏನೂ ಇಲ್ಲ, ಕತ್ತಲೆ ಮತ್ತು ಎರಡು ಜಿರಳೆ. ನೋಡಿ ಮುಚ್ಚುತ್ತಿದ್ದ. ಉಂಡು ಎದ್ದು ಮತ್ತೆ ಸರಿಸಿ ನೋಡುತ್ತಿದ್ದ. ಆ ಹಲಗೆಯ ಸದ್ದು ಈಚೆಗೆ ಕೇಳಿ ಕೇಳಿ, ಅವನು ಒಂದು ದಿನ ನೋಡದಿದ್ದರೆ ನನಗೆ ಉಂಡದ್ದು ಇಳಿಯುತ್ತಿರಲಿಲ್ಲ.

ತಮಿಳು ಲೆಕ್ಕದ ಆನಿ ತಿಂಗಳಲ್ಲಿ ಸೆಲ್ವಕುಮಾರನ ಮಗು ಅಂಬೆಗಾಲಿಡತೊಡಗಿತು. ಸೊಸೆ ನಿತ್ಯಾ ಕಾರಮಡೈ ಕಡೆಯವಳು, ಮನೆಯಲ್ಲಿ ಕನ್ನಡ ಆಡುವ ನಮ್ಮ ನೇಕಾರರದ್ದೇ ಹುಡುಗಿ. ದನಿ ಏರಿಸುವವಳಲ್ಲ, ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವವಳೂ ಅಲ್ಲ.

"ಮಾವ, ಪಾಪ ಎಲ್ಲಾ ಕಡೆ ಓಡಾಡ್ತಾ ಇದೆ. ನೀವು ದಿನಾ ಹಲಗೆ ತೆಗೆದು ಇಣುಕ್ತೀರಿ. ಒಂದಿನ ಮುಚ್ಚೋಕೆ ಮರೆತ್ರೆ?"

"ಮರೆಯಲ್ಲಮ್ಮ."

"ನಿನ್ನೆ ಮರೆತ್ರಿ. ನಾನೇ ಮುಚ್ಚಿದೆ."

ಶಿವಲಿಂಗನ ಕಾಲುಗಳು ಒಂದು ಕ್ಷಣ ನಿಂತವಂತೆ. "ಅದು ಮಗ್ಗ ಕಣಮ್ಮಾ," ಎಂದ.

"ನೆಯ್ದರೆ ಮಗ್ಗ, ಮಾವ. ನೆಯ್ಯದಿದ್ರೆ ಗುಂಡಿ."

ಸೆಲ್ವಕುಮಾರ್ ಆಗಲೇ ಮೈಲ್‌ಸಾಮಿ ಮೇಸ್ತ್ರಿಯ ಹತ್ತಿರ ಮಾತಾಡಿಬಿಟ್ಟಿದ್ದ. ಗುಂಡಿಗೆ ಕಾಂಕ್ರೀಟು ಹಾಕಿ ಮುಚ್ಚುವುದು, ಹಜಾರಕ್ಕೆಲ್ಲ ಟೈಲ್ಸ್. ಮುಂದಿನ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿನಲ್ಲಿ, ಯಾರೂ ಮನೆ ಕೆಲಸ ಹಿಡಿಯುವುದಿಲ್ಲವಾದ್ದರಿಂದ, ಆಡಿ ಕಳೆದು ಬರುವ ಆವಣಿಯ ಮೊದಲ ಒಳ್ಳೆಯ ದಿನ ಮೇಸ್ತ್ರಿ ಬರುವುದೆಂದು ನಿಶ್ಚಯ. ಶಿವಲಿಂಗಂ ತಡೆಯುವಂತೆ ಕೈ ಅಡ್ಡ ಹಿಡಿದ. "ಅಷ್ಟರೊಳಗೆ ನಾನು ಗುಂಡೀಲಿ ಕೂತು ನೆಯ್ದು ತೋರಿಸ್ತೀನಿ. ತೋರಿಸಿದ್ರೆ ಗುಂಡಿ ಬಿಟ್ಟು ಸುತ್ತ ಟೈಲ್ಸ್ ಹಾಕಿಸ್ಬೇಕು."

"ಕೂತ್ರೆ ಶರಿ ಮಾವ," ಎಂದಳು ನಿತ್ಯಾ. "ಗುಂಡೀಲಿ ಆಳಿದ್ರೆ ಪಾಪ ಯಾಕೆ ಬೀಳ್ತದೆ?"

ಮಾತು ಮುಗಿಯುವುದರೊಳಗೆ ಅವನು ಅಟ್ಟದಿಂದ ದಿಂಡು ಇಳಿಸಿ, ಅದರ ಹಳೆಯ ಕಂಬಗಳ ತೂತಿಗೆ ಸಿಕ್ಕಿಸಿ, ಗುಂಡಿಗೆ ಇಳಿದೇಬಿಟ್ಟ. ಕಾಲು ಇಳಿಯಿತು. ತೊಡೆ ಇಳಿಯಿತು. ಹೊಟ್ಟೆಯ ಸರದಿ ಬಂದಾಗ ಅವನು ಉಸಿರು ಎಳೆದು ಒಳಗೆ ಹಿಡಿದು ಜಾರಿಕೊಂಡ. ಜಾರಿ ಕೂತ ಮೇಲೆ ಉಸಿರು ಬಿಡಲೇಬೇಕಲ್ಲ, ಬಿಟ್ಟ. ಅಲ್ಲಿಗೆ ಮುಗಿಯಿತು. ಹಿಂದೆ ನನ್ನ ಗೋಡೆ, ಮುಂದೆ ಅವರಪ್ಪನ ದಿಂಡು. ಹೊಟ್ಟೆ ದಿಂಡಿನ ಮೇಲೊಂದು, ಕೆಳಗೊಂದು ಎಂದು ಎರಡು ಪಾಲಾಯಿತು, ನಮ್ಮ ಮನೆ ಪಾಲಾದ ಹಾಗೇ.

"ಏನುಂಗ, ಎದ್ದು ಬನ್ನಿ, ಸಾಕು," ಎಂದಳು ರಾಮಾಯಿ.

"ಬರೋಕಾದ್ರೆ ಬರಲ್ವಾ?"

"ಮತ್ತೆ ಬನ್ನಿ."

"ಬರ್ತಾ ಇಲ್ಲ ಅಂತ ತಾನೆ ಹೇಳ್ತಾ ಇರೋದು!"

ಸೆಲ್ವಕುಮಾರ್ ಎಳೆದ, ನಾನು ಎಳೆದೆ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನು ಕ್ಯಾನು ಇಟ್ಟು ಬಂದು ಎಳೆದ. ಮೂವರೂ ಎಳೆದಾಗ ಕಂಬಗಳೇ ಮೇಲೆ ಬರುವಂತೆ ಕಂಡವೇ ಹೊರತು ಶಿವಲಿಂಗಂ ಬರಲಿಲ್ಲ. ಕೊನೆಗೆ ರಾಮಾಯಿ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ದಿಂಡಿಗೂ ಹೊಟ್ಟೆಗೂ ನಡುವೆ ಸುರಿದಳು. ಆಮೇಲೆ ಬಂದ, ಬಾಳೆಹಣ್ಣಿನ ಸಿಪ್ಪೆಯಿಂದ ಹಣ್ಣು ಬಂದಂತೆ. ಯಾರೂ ನಗಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆವು. ಪಾಪ ಮಾತ್ರ ಚಪ್ಪಾಳೆ ತಟ್ಟಿತು.

ಮಾರನೆಯ ಬೆಳಿಗ್ಗೆ ರಾಮಾಯಿ ಅವನನ್ನು ಅನ್ನೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಕ್ತ ನೋಡಿದಳು, ಎದೆ ನೋಡಿದಳು, ಮಂಡಿ ತಟ್ಟಿದಳು, ತಮಿಳಿನಲ್ಲಿ ತುಂಬ ಹೊತ್ತು ಮಾತಾಡಿದಳು. ಅಷ್ಟು ಮಾತಿನಲ್ಲಿ ಬಸ್ಸು ಹತ್ತಿ ಮನೆವರೆಗೆ ಬಂದದ್ದು ಒಂದೇ: "ಎಡೈ ಕುರೆಯಣುಂ."

ಬೀದಿಯ ತಮಿಳಿನಲ್ಲಿ ಎಡೈ ಅಂದರೆ ತೂಕ. ತೂಕ ಇಳಿಯಬೇಕು ಅಂದಳು ಡಾಕ್ಟರಮ್ಮ. ಆದರೆ ನಮ್ಮ ಮನೆಗಳ ಒಳಗಿನ ಕನ್ನಡದಲ್ಲಿ ಎಡೆ ಅಂದರೆ ಎಲೆಯ ಮೇಲೆ ಬಡಿಸಿದ್ದು. ದೇವರ ಮುಂದೆ ಇಟ್ಟರೂ ಎಡೆ, ಗಂಡನ ಮುಂದೆ ಇಟ್ಟರೂ ಎಡೆ. ರಾಮಾಯಿಗೆ ಎರಡು ಭಾಷೆಯೂ ನೀರು ಕುಡಿದಷ್ಟು ಸಲೀಸು. ಗೊತ್ತಾಗದೆ ತಪ್ಪಿದ್ದಲ್ಲ. ಬಸ್ಸಿನಲ್ಲಿ ಬರುತ್ತ ಅವಳಿಗೆ ಒಂದು ದೊಡ್ಡ ಸತ್ಯ ಹೊಳೆದುಬಿಟ್ಟಿತ್ತು.

"ನೋಡಿ ಬಾವ," ಎಂದಳು ನನಗೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ. "ಎಡೆ, ಎಡೈ. ಎರಡೂ ಒಂದೇ ಮಾತು, ಬಾಲ ಮಾತ್ರ ಕೊಂಜ ಬೇರೆ. ಎಡೆ ಸರಿ ಮಾಡಿದ್ರೆ ಎಡೈ ತಾನಾಗೆ ಇಳೀತದೆ. ಹಿಂದಿನವರು ಸುಮ್ನೆ ಒಂದೇ ಹೆಸರು ಇಡ್ತಾರಾ?"

"ಡಾಕ್ಟರಮ್ಮ ಬೇರೇನೂ ಹೇಳ್ಲಿಲ್ವಾ?"

"ಹೇಳಿದ್ಲು. ಅದೆಲ್ಲಾ ಎಲ್ಲರಿಗೂ ಹೇಳೋದು."

ಅಂದಿನಿಂದ ಆ ಮನೆಯಲ್ಲಿ ಆರೋಗ್ಯ ಶುರುವಾಯಿತು. ಬಿಳಿ ಅನ್ನ ನಿಂತಿತು, ಬಜ್ಜಿ ಬೋಂಡಾ ನಿಂತಿತು, ಸಕ್ಕರೆ ಡಬ್ಬಿ ನನ್ನ ಮನೆಗೆ ಬಂತು. ಬೆಳಿಗ್ಗೆ ಸಜ್ಜೆ ಅಂಬಲಿ, ಮಧ್ಯಾಹ್ನ ಮುದ್ದೆಯಂಥ ರಾಗಿ ಕಳಿ, ಸಂಜೆ ನುಗ್ಗೆಸೊಪ್ಪಿನ ಸಾರು, ದಿನಕ್ಕೊಂದು ಹೊತ್ತು ತಪ್ಪದೆ ಹುರುಳಿ. ಹುರುಳಿ ರಸ, ಹುರುಳಿ ತೊಗೆ, ಹುರುಳಿ ಮೊಳಕೆ. ಬಾಳೆಎಲೆಯನ್ನೂ ಅರ್ಧ ಕತ್ತರಿಸಿ ಹಾಕುತ್ತಿದ್ದಳು, ಎಡೆ ಚಿಕ್ಕದಾಗಲೆಂದು. ಆ ವಾರ ನುಗ್ಗೆಸೊಪ್ಪು ಕಿತ್ತ ರಭಸಕ್ಕೆ ನಮ್ಮ ಹಿತ್ತಲಿನ ನುಗ್ಗೆಮರ ಬೋಳಾಗಿ, ಕಾಗೆಗಳು ನಾಚಿಕೊಂಡು ಬೇರೆ ಬೀದಿಗೆ ಹೋದವು.

ಮೊದಲ ವಾರಗಳಲ್ಲಿ ಗುಣ ಕಂಡಿತು. ಶಿವಲಿಂಗನ ಮುಖದ ಕೊಬ್ಬು ಇಳಿಯಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ದಿನಾ ಬೆಳಿಗ್ಗೆ ಒಂದು ನೂಲಿನ ತುಂಡನ್ನು ಸೊಂಟಕ್ಕೆ ಸುತ್ತಿ, ಅದನ್ನೇ ಗುಂಡಿಯ ಬಳಿ ತಂದು ಗೋಡೆಗೂ ದಿಂಡಿಗೂ ಹಿಡಿದು ನೋಡುತ್ತಿದ್ದ. ಆಮೇಲೆ ನೂಲಿನ ಅಳತೆ ಬದಲಾಗುವುದು ನಿಂತಿತು. ಬೆಳಿಗ್ಗೆ ಹಿಡಿದರೂ ಅಷ್ಟೇ, ಸಂಜೆ ಹಿಡಿದರೂ ಅಷ್ಟೇ. ಹಿಡಿದು ಹಿಡಿದು ನೂಲೇ ಸವೆದು ಹರಿಯಿತು, ಹೊಟ್ಟೆ ಸವೆಯಲಿಲ್ಲ.

ಯಾಕೆ ಸವೆಯುತ್ತದೆ? ಎಡೆ ಚಿಕ್ಕದಾಗಿತ್ತು, ನಿಜ. ಆದರೆ ಶಿವಲಿಂಗಂ ಒಂದು ಕಾನೂನು ಕಂಡುಹಿಡಿದಿದ್ದ: ಆರೋಗ್ಯದ್ದಕ್ಕೆ ಅಳತೆ ಇಲ್ಲ. ಶೆಡ್ಡಿನ ಕುರ್ಚಿಯ ಪಕ್ಕ ಒಂದು ಚೀಲ ಹುರಿದ ಕಡಲೆಕಾಯಿ, ಆರೋಗ್ಯ. ಬೆಲ್ಲ ಹಾಕಿದ ಎಳ್ಳುಂಡೆ, ಆರೋಗ್ಯ. ದಾರಿಯಲ್ಲಿ ಎಳನೀರು, ಅದರ ತಿರುಳು, ಬೀಸಾಡಬಾರದು, ಅದೂ ಆರೋಗ್ಯ. ಹಿಂದೆ ಬೋಂಡಾ ತಿನ್ನುವಾಗ ಭಯವಾದರೂ ಇತ್ತು. ಈಗ ತಿಂದಷ್ಟೂ ಪುಣ್ಯ.

ಆಡಿ ಹುಟ್ಟಿತು. ಆಡಿ ಗಾಳಿ ಅಂದರೆ ಪಾಲ್ಘಾಟಿನ ಕಣಿವೆಯಿಂದ ನುಗ್ಗಿ ಬರುವ ಗಾಳಿ; ನಮ್ಮ ಬೀದಿಯಲ್ಲಿ ಒಣಹಾಕಿದ ಪಂಚೆಯನ್ನು ತಿರುಪ್ಪೂರಿನಲ್ಲಿ ಬನಿಯನ್ನಾಗಿ ಹೊಲಿದು ಮಾರುವಷ್ಟು ದೂರ ಒಯ್ಯುತ್ತದೆ. ತಗಡು ಬಡಿಯುತ್ತದೆ, ಬಾಗಿಲು ಬಡಿಯುತ್ತದೆ, ಮಾತಿನ ನಡುವೆ ಮಣ್ಣು ಬಾಯಿಗೆ ಬರುತ್ತದೆ. ಆ ಗಾಳಿಯಲ್ಲಿ ಮೈಲ್‌ಸಾಮಿ ಮೇಸ್ತ್ರಿ ಟೇಪು ಹಿಡಿದುಕೊಂಡು ಹಜಾರ ಅಳೆಯಲು ಬಂದ. ಶಿವಲಿಂಗಂ ಅರ್ಧ ಎಲೆಯ ಮುಂದೆ ಹುರುಳಿ ತಿನ್ನುತ್ತ ಕೂತಿದ್ದ, ಕಾಲು ಆಡಿಸುತ್ತ.

"ಏನಣ್ಣಾ, ಹುರುಳಿ?"

"ತೂಕಕ್ಕೆ."

ಮೈಲ್‌ಸಾಮಿ ಟೇಪು ಎಳೆಯುತ್ತ ಹೇಳಿದ, "ಕುದುರೆನೂ ಇದನ್ನೇ ತಿನ್ನೋದಣ್ಣಾ. ತಿಂದು ಓಡ್ತದೆ. ನೀವು ತಿಂದು ಕುರ್ಚಿಗೆ ಹೋಗ್ತೀರಿ."

ರಾಮಾಯಿಗೆ ಉರಿಯಿತು. "ಗುಂಡಿ ಅಳೆಯೋಕೆ ಬಂದ್ಯಾ, ನನ್ನ ಅಡುಗೆ ಅಳೆಯೋಕೆ ಬಂದ್ಯಾ?"

"ಅಡುಗೆಗೆ ಏನೂ ಹೇಳ್ಲಿಲ್ಲ ಅಕ್ಕಾ. ಕುರ್ಚಿಗೆ ಹೇಳಿದೆ."

ಅವನು ಹೋದ ಮೇಲೆ ಗೋಡೆಯ ಆಚೆ ಪಾತ್ರೆಗಳು ಬಿದ್ದ ಸದ್ದಿಗೆ ಬೀದಿಯ ನಾಯಿಗಳು ಎದ್ದವು. ಅವಳ ಕಷ್ಟ ನನಗೆ ಗೊತ್ತು. ಸೂರ್ಯ ಹುಟ್ಟುವ ಮೊದಲು ಎದ್ದು ಸಜ್ಜೆ ಕುಟ್ಟಿ, ಹುರುಳಿ ನೆನೆಹಾಕಿ, ಸೊಪ್ಪು ಬಿಡಿಸಿ ದಣಿದವಳು. ತಾನು ಬಡಿಸಿದ್ದರಿಂದ ಏನೂ ಆಗುತ್ತಿಲ್ಲ ಎಂದರೆ ಅವಳ ಕೈಗೇ ಅವಮಾನ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ರಕ್ತದ ಕಾಗದ ನೋಡಿ ಮೆಚ್ಚಿದಳಂತೆ: ಸಕ್ಕರೆ ಎಷ್ಟೋ ಹತೋಟಿಗೆ ಬಂದಿದೆ, ಈ ಊಟ ಬಿಡಲೇಬೇಡಿ. ರಾಮಾಯಿ ಕುರ್ಚಿಯಲ್ಲಿ ಸ್ವಲ್ಪ ಎತ್ತರವಾದಳು. ಆಮೇಲೆ ಡಾಕ್ಟರಮ್ಮ ಕೇಳಿದಳಂತೆ, "ದಿನವೆಲ್ಲಾ ಏನು ಮಾಡ್ತೀರಿ?"

"ಕೂತಿರ್ತೀನಿ," ಎಂದ ಶಿವಲಿಂಗಂ.

"ಹೋದ ಸಲವೇ ಎರಡು ಮಾತು ಹೇಳಿದ್ದೆನಲ್ಲ. ಊಟ ಒಂದು. ಮೈ ಅಲುಗಬೇಕು, ಅದು ಇನ್ನೊಂದು. ಮೊದಲನೆಯದೊಂದೇ ಹೊಟ್ಟೆಯನ್ನು ಎಲ್ಲಿವರೆಗೆ ಇಳಿಸುತ್ತೆ? ನಡೀರಿ."

ನಡೆದ. ಅದು ಇನ್ನೊಂದು ಪಾಡು. ನಮ್ಮ ಊರಿನಲ್ಲಿ ಕೆಲಸವಿಲ್ಲದೆ ನಡೆಯುವ ಪದ್ಧತಿ ಇಲ್ಲ. ಮೊದಲ ಬೆಳಿಗ್ಗೆ ಗಾಳಿಗೆ ಎದುರಾಗಿ ಅನ್ನೂರು ರಸ್ತೆಯಲ್ಲಿ ಬಿರಬಿರನೆ ಹೊರಟವನನ್ನು ಪ್ರತಿ ಮನೆಯವರೂ "ಎಲ್ಲಿಗೆ?" ಎಂದರು. "ಸುಮ್ಮನೆ," ಎಂದ. ಈ ವಯಸ್ಸಿನ ಗಂಡಸು ಬೆಳಿಗ್ಗೆ ಬಿರಬಿರನೆ ಹೋಗುತ್ತ ಸುಮ್ಮನೆ ಅಂದರೆ ಎಲ್ಲೋ ಸಾವಾಗಿದೆ, ಹೇಳುತ್ತಿಲ್ಲ ಎಂದೇ ಅರ್ಥ. ಇಬ್ಬರು ತಲೆಗೆ ಟವೆಲ್ ಸುತ್ತಿಕೊಂಡು ಹಿಂದೆ ಬಂದರು. ಅವರನ್ನು ನೋಡಿ ಇನ್ನಷ್ಟು ಜನ ಬಂದರು. ತಿರುವಿನ ಹತ್ತಿರ ಅವನು ಹಿಂತಿರುಗಿ ನೋಡಿದಾಗ ಅರ್ಧ ಬೀದಿ ಮುಖ ಸಣ್ಣ ಮಾಡಿಕೊಂಡು ನಿಂತಿತ್ತು, ಯಾರೋ ಹೂವಿನ ಹಾರವನ್ನೂ ಹಿಡಿದಿದ್ದರು. ಅಲ್ಲಿಂದ ಬಸ್ಸು ಹತ್ತಿ ವಾಪಸು ಬಂದ. ಮಾರನೆಯ ದಿನ ಹೊರಡಲಿಲ್ಲ.

"ಅಣ್ಣಾ," ಎಂದ ನನಗೆ, ಜಗಲಿಯಲ್ಲಿ ಕೂತು, ಕಾಲಾಡಿಸುತ್ತ. "ಗುಂಡಿಗೆ ಇಳೀಬೇಕಾದ್ರೆ ಹೊಟ್ಟೆ ಕರಗಬೇಕು. ಹೊಟ್ಟೆ ಕರಗಬೇಕಾದ್ರೆ ಗುಂಡೀಲಿ ತುಳೀಬೇಕು. ಎಲ್ಲಿಂದ ಶುರು ಮಾಡ್ಲಿ?"

ಅವನ ಕಾಲಿನ ಸದ್ದಿಗೆ ನನ್ನ ಕಾಲೂ ಆಡತೊಡಗಿತು. ಇಬ್ಬರೂ ಹಾಗೇ ಕೂತಿದ್ದೆವು.

ಆಡಿ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ನಾನು ಅವರ ಶೆಡ್ಡಿಗೆ ಹೋಗಿದ್ದೆ. ಒಳಗೆ ಮಗ್ಗಗಳ ಅಬ್ಬರ. ಅಲ್ಲಿ ಮಾತಾಡಬೇಕಾದರೆ ಪಕ್ಕದ ಊರಿಗೆ ಹೋಗಿ ಮಾತಾಡಿ ಬರಬೇಕು. ಗಾಳಿಗೆ ಎಲ್ಲೋ ತಂತಿಗೆ ತಂತಿ ತಾಗಿತೋ ಏನೋ, ಕರೆಂಟ್ ಹೋಯಿತು. ನಮ್ಮ ಶೆಡ್ಡು, ಪಕ್ಕದ ಶೆಡ್ಡು, ಅದರಾಚೆಯದು, ಒಂದಾದ ಮೇಲೊಂದು ಬಾಯಿ ಮುಚ್ಚಿದವು. ಊರು ಒಮ್ಮೆಲೇ ಕಿವುಡಾಯಿತು. ಆ ಮೌನದಲ್ಲಿ ಒಂದು ಸದ್ದು ಮಾತ್ರ ನಡೆದೇ ಇತ್ತು. ಟಪ್, ಟಪ್. ಟಪ್, ಟಪ್. ಬಾಗಿಲ ಕುರ್ಚಿಯ ಕೆಳಗೆ ಶಿವಲಿಂಗನ ಚಪ್ಪಲಿಗಳು. ಕೆಲಸದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

ಸೆಲ್ವಕುಮಾರ್ ನಗಲಿಲ್ಲ. ಅಪ್ಪನ ಕಾಲನ್ನೇ ನೋಡುತ್ತ ನಿಂತ. ಶಿವಲಿಂಗಂ ಎರಡೂ ಕೈಗಳಿಂದ ಮಂಡಿ ಒತ್ತಿ ಹಿಡಿದುಕೊಂಡ, ಮಗುವನ್ನು ಸುಮ್ಮನಾಗಿಸುವವನಂತೆ. ಒತ್ತಿ ಹಿಡಿದರೂ ಕಾಲಿನ ಬೆರಳುಗಳು ಕೆಳಗೆ ಅಲುಗುತ್ತಲೇ ಇದ್ದವು.

"ಕರೆಂಟ್ ಹೋದದ್ದು ಮಿಷಿನಿಗೆ," ಎಂದ ತಲೆ ಎತ್ತದೆ. "ಇದಕ್ಕೆ ಯಾರು ಹೇಳ್ತಾರೆ?"

ಎದ್ದ. ಕರೆಂಟ್ ಬರುವವರೆಗೂ ಕಾಯಲಿಲ್ಲ. ಗಾಳಿಯಲ್ಲಿ ಪಂಚೆ ಹಿಡಿದುಕೊಂಡು ಮನೆ ಕಡೆ ಹೊರಟುಬಿಟ್ಟ. ನಾನು ಹಿಂದೆಯೇ ಓಡಿದೆ. ದಾರಿಯಲ್ಲಿ ಯಾರಾದರೂ "ಎಲ್ಲಿಗೆ?" ಎಂದರೆ ಈ ಸಲ ಉತ್ತರ ಇತ್ತು. "ಗುಂಡಿಗೆ!" ಎಂದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ನಾನು ನನ್ನ ಮನೆಯೊಳಗೆ ಕಾಲಿಡುವಷ್ಟರಲ್ಲಿ ಗೋಡೆ ಮಾತಾಡತೊಡಗಿತ್ತು. ಧಡ್. ಧಡ್. ಮೂರನೆಯದಕ್ಕೆ ಆ ಗೋಡೆಗೆ ತೂಗುಹಾಕಿದ್ದ ನನ್ನ ದೇವರ ಪಟಗಳಲ್ಲಿ ಪಿಳ್ಳಯಾರ್, ಅಂದರೆ ಗಣಪ, ಕೆಳಗೆ ಬಿದ್ದ. ಓಡಿ ಹೋಗಿ ನೋಡಿದೆ. ಶಿವಲಿಂಗಂ ಹಾರೆ ಹಿಡಿದು ದಿಂಡಿನ ಕಂಬದ ಬುಡವನ್ನು ಕೀಳುತ್ತಿದ್ದ.

"ಏಯ್, ಏನೋ ಇದು?"

"ಹಿಂದೆ ನಿನ್ನ ಗೋಡೆ ಇದೆ ಅಣ್ಣಾ, ಹಿಂದಕ್ಕೆ ಹೋಗೋಕಾಗಲ್ಲ." ಧಡ್. "ಮಗ್ಗಾನೇ ಒಂದು ಗೇಣು ಮುಂದಕ್ಕೆ ಹೋಗ್ಲಿ."

"ಗುಂಡಿ?"

"ಗುಂಡೀನೂ." ಧಡ್. "ಅಪ್ಪ ಅವನ ಹೊಟ್ಟೆಗೆ ತೋಡಿದ. ನಾನ್ ನನ್ನ ಹೊಟ್ಟೆಗೆ ತೋಡ್ತೀನಿ."

ನಮ್ಮ ಭೂಮಿ ಆಡಿಯಲ್ಲಿ ಕಲ್ಲು. ಒಂದು ಏಟಿಗೆ ಒಂದು ಹಿಡಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಅಂಗಿ ತೆಗೆದ; ಬೆವರು ಅವನ ಬೆನ್ನಿನಿಂದ ಇಳಿದು ಗುಂಡಿಯಲ್ಲಿ ನಿಂತು, ನಾವು ಒಂದು ಚೊಂಬು ತಂದು ಮೊಗೆಯಬೇಕಾಯಿತು ಎಂದರೆ ನೀವು ನಂಬುವುದಿಲ್ಲ, ಬೇಡ. ರಾಮಾಯಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನೋಡುತ್ತ ನಿಂತಿದ್ದಳು. ಸೌಟು ಒಳಗಿಟ್ಟು ಬಂದಳು, ಸೆರಗು ಸಿಕ್ಕಿಸಿ ಮಣ್ಣಿನ ಬುಟ್ಟಿ ಎತ್ತಿದಳು.

"ಎಡೆ ಸಾಲದಾ ರಾಮಾಯಿ?" ಎಂದೆ ನಾನು. ಆ ಹೊತ್ತಿನಲ್ಲಿ ಕೇಳಬಾರದ ಮಾತು.

"ಬಾವ, ಬಾಯಿಗೆ ಕೆಲಸ ಇದ್ದಷ್ಟು ಕೈಗಿಲ್ವಾ? ಆ ಬುಟ್ಟಿ ತಗೊಳ್ಳಿ," ಎಂದಳು.

ಹೀಗೆ ಆಡಿ ಮುಗಿಯುವವರೆಗೆ ಶೆಡ್ಡಿನ ಕುರ್ಚಿ ಖಾಲಿ. ಅವನು ಅಗೆದ, ಅವಳು ಹೊತ್ತಳು, ನಾನು ಬೈಸಿಕೊಂಡೆ. ಊಟ ಮಾತ್ರ ಅದೇ, ಕಳಿ, ಹುರುಳಿ, ಸೊಪ್ಪು. ಆದರೆ ಕಡಲೆಕಾಯಿಯ ಚೀಲ ಶೆಡ್ಡಿನಲ್ಲೇ ಉಳಿದುಹೋಯಿತು. ಹಾರೆ ಹಿಡಿದ ಕೈ ಚೀಲಕ್ಕೆ ಹೋಗಲು ಬಿಡುವಿರಲಿಲ್ಲ. ಸೆಲ್ವಕುಮಾರ್ ಎಲ್ಲ ನೋಡಿದ. ಒಂದು ಸಂಜೆ ಶೆಡ್ಡಿನಲ್ಲಿ ಮಿಕ್ಕ ನೂಲನ್ನು ತಂದು ಬಾಗಿಲಲ್ಲಿ ಇಟ್ಟು ಹೋದ. ಗಂಡ ಹೆಂಡತಿ ಅಟ್ಟದಿಂದ ಮಗ್ಗದ ಮರಗಳನ್ನೆಲ್ಲ ಇಳಿಸಿ ಜೋಡಿಸಿ, ಕೂತು ಹಾಸು ಕಟ್ಟಿದರು, ಎಳೆಗೆ ಎಳೆ ಸೇರಿಸಿ, ಹೆಗಲಿಗೆ ಹಾಕುವ ಒಂದು ತುಂಡು ನೆಯ್ಯುವಷ್ಟು.

ಆವಣಿಯ ಮೊದಲ ಒಳ್ಳೆಯ ದಿನ ಬಂತು. ಮೈಲ್‌ಸಾಮಿ ಸಿಮೆಂಟು ಮೂಟೆ, ಜಲ್ಲಿ, ಟೈಲ್ಸ್ ಪೆಟ್ಟಿಗೆಗಳೊಂದಿಗೆ ಗಾಡಿಯಿಂದ ಇಳಿದ. ಹಜಾರಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಶಿವಲಿಂಗಂ ಗುಂಡಿಯಲ್ಲಿ ಕೂತಿದ್ದ. ಹಿಂದೆ ಗೋಡೆ, ಮುಂದೆ ದಿಂಡು, ನಡುವೆ ಹೊಟ್ಟೆ, ಹೊಟ್ಟೆಗೂ ದಿಂಡಿಗೂ ನಡುವೆ ಕೈ ಆಡುವಷ್ಟು ಗಾಳಿ.

ಸೆಲ್ವಕುಮಾರ್ ತಲೆ ಕೆರೆದುಕೊಂಡ. "ಅಪ್ಪಾ, ಇದು ಮೋಸ. ಹೊಟ್ಟೆ ಸಣ್ಣ ಆಗ್ಬೇಕು ಅಂತ ತಾನೆ? ಗುಂಡಿ ದೊಡ್ಡದಾಗಿದೆ."

"ಹಾಗಂತ ಯಾರು ಹೇಳಿದ್ರು? ಕೂತು ನೆಯ್ದು ತೋರಿಸ್ತೀನಿ ಅಂದೆ. ಕೂತಿದ್ದೀನಿ."

"ನೀವೇ ಹೇಳಿ ಮೇಸ್ತ್ರಿ," ಎಂದ ಸೆಲ್ವಕುಮಾರ್.

ಮೈಲ್‌ಸಾಮಿ ಗುಂಡಿಯ ಹೊಸ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದ. "ಅಂಚು ಕೊಂಜ ಸೊಟ್ಟ ಇದೆ," ಎಂದ. "ಮಿಕ್ಕದ್ದಕ್ಕೆ ನನ್ನ ಕೇಳ್ಬೇಡಿ. ನಾನು ಕುದುರೆ ವಿಚಾರ ಮಾತಾಡಿ ಒಂದು ಸಲ ಬೈಸ್ಕೊಂಡಿದ್ದೀನಿ."

ಎಲ್ಲರೂ ನಿತ್ಯಾಳನ್ನು ನೋಡಿದರು. ಅವಳು ಸೊಂಟದಲ್ಲಿ ಪಾಪನನ್ನು ಇಟ್ಟುಕೊಂಡು ಗುಂಡಿಯ ಹತ್ತಿರ ಬಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. "ನೆಯ್ದರೆ ಮಗ್ಗ ಅಂದಿದ್ದೆ, ಮಾವ. ನೆಯ್ಯಿರಿ ನೋಡೋಣ."

ಆಗ ಶಿವಲಿಂಗನಿಗೆ ಭಯವಾಯಿತು. ನನಗೆ ಕಂಡಿತು. ಇಷ್ಟು ದಿನ ಗುಂಡಿ ತೋಡುವ ಭರದಲ್ಲಿ, ತೋಡಿದ ಮೇಲೆ ಕೈಕಾಲು ಮಾತು ಕೇಳುತ್ತವೆಯೇ ಎಂದು ಅವನು ಯೋಚಿಸಿರಲೇ ಇಲ್ಲ. ಲಾಳಿ ಎಸೆದ, ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ಮತ್ತೆ ಎಸೆದ, ಎಳೆಯೊಂದು ಹರಿಯಿತು. ರಾಮಾಯಿ ಮುಂದೆ ಬಗ್ಗಿ ಬಾಯಲ್ಲಿ ನೂಲು ಒದ್ದೆ ಮಾಡಿ ಗಂಟು ಹಾಕಿದಳು. ಹೊಟ್ಟೆ ಅಡ್ಡ ಬಂದು ತೋಳು ಪೂರ್ತಿ ಮುಂದೆ ಹೋಗುತ್ತಿರಲಿಲ್ಲ. ಅವನು ಬೆನ್ನು ಬಗ್ಗಿಸಿ ಎಳೆದ. ಏದುಸಿರು. ಮೊದಲ ಸಾಲುಗಳು ನಮ್ಮ ಅನ್ನೂರು ರಸ್ತೆಯ ಹಾಗೆ ಏರುಪೇರಾಗಿ ಬಂದವು. ಮೈಲ್‌ಸಾಮಿ ಮೂಟೆಯ ಮೇಲೆ ಕೂತು ಬೀಡಿ ಹಚ್ಚಿದ, ಹಚ್ಚಿದ್ದನ್ನು ಸೇದುವುದು ಮರೆತ.

ಆಮೇಲೆ ಕಾಲು ತಾನಾಗಿ ಲಯ ಹಿಡಿಯಿತು. ಬಲಗಾಲು ಒತ್ತಿತು, ಎಡಗಾಲು ಎದ್ದಿತು. ಎಷ್ಟೋ ವರ್ಷ ಕುರ್ಚಿಯ ಕೆಳಗೆ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ರಾಮಾಯಿಯ ಮೇಲೆ ಸುಮ್ಮನೆ ತುಳಿದ ಕಾಲಿಗೆ ಈಗ ಕೆಳಗೆ ಹಲಗೆ ಸಿಕ್ಕಿತ್ತು. ಸದ್ದು ಬದಲಾಯಿತು. ಪಾಪ ಅಮ್ಮನ ಸೊಂಟದಿಂದ ಕೆಳಗೆ ಜಾರಲು ಒದ್ದಾಡಿತು. ಇಳಿಸಿದ ಕೂಡಲೇ ಗುಂಡಿಯ ಅಂಚಿಗೆ ಅಂಬೆಗಾಲಿಟ್ಟು ಹೊರಟಿತು.

"ಹಾ, ಹಾ!" ಎಂದು ಎಲ್ಲರೂ ಒಮ್ಮೆಲೇ ಕೂಗಿದೆವು. ಸೆಲ್ವಕುಮಾರ್ ಹಿಡಿದುಕೊಂಡ.

"ಇದಕ್ಕೇ ಹೇಳಿದ್ದು," ಎಂದಳು ನಿತ್ಯಾ. ಗಂಡನ ಕಡೆ ತಿರುಗಿದಳು. "ಶೆಡ್ಡಲ್ಲಿ ಆ ಕುರ್ಚಿ ಖಾಲಿ ತಾನೆ ಇದೆ? ತಂದು ಇಲ್ಲಿ ಅಡ್ಡ ಮಲಗಿಸಿ. ಬೇಲಿ ಆಗ್ತದೆ. ಮೇಸ್ತ್ರಿ, ಗುಂಡಿ ಬಿಟ್ಟು ಸುತ್ತ ಹಾಕಿ. ಅಂಚು ನೆಟ್ಟಗಿರಲಿ."

ಹಜಾರದಲ್ಲಿ ಈಗ ಹೊಳೆಯುವ ಟೈಲ್ಸ್ ಇದೆ, ನಡುವೆ ಗುಂಡಿ, ಗುಂಡಿಗೆ ಅಡ್ಡ ಪ್ಲಾಸ್ಟಿಕ್ ಕುರ್ಚಿ. ಶಿವಲಿಂಗಂ ಬೆಳಿಗ್ಗೆ ಮಗ್ಗದಲ್ಲಿ, ಮಧ್ಯಾಹ್ನ ಶೆಡ್ಡಿನಲ್ಲಿ, ಅದೂ ನಿಂತುಕೊಂಡು. ಕುರ್ಚಿ ಮನೆಗೆ ಬಂದಿದೆಯಲ್ಲ. ದೀಪಾವಳಿಯ ಹೊತ್ತಿಗೆ ಹೊಟ್ಟೆ ಎಷ್ಟು ಕರಗಿತೆಂದರೆ ಗುಂಡಿ ದೊಡ್ಡದಾಗಿ, ಅವನು ಬೆನ್ನಿಗೆ ದಿಂಬು ಕೊಟ್ಟುಕೊಳ್ಳಬೇಕಾಯಿತು. ಡಾಕ್ಟರಮ್ಮ ನೋಡಿ, ಎಡೈ ಇಳಿದಿದೆ, ಬಹಳ ಸಂತೋಷ ಎಂದಳಂತೆ. "ಎಲ್ಲಾ ಎಡೆಯಿಂದ," ಎಂದು ರಾಮಾಯಿ ಕನ್ನಡದಲ್ಲಿ ಹೇಳಿ, ಡಾಕ್ಟರಮ್ಮನಿಗೆ ಅರ್ಥವಾಗುವ ಮೊದಲು ಎದ್ದು ಬಂದಳು. ಬೀದಿಯಲ್ಲೂ ಹಾಗೇ ಹೇಳುತ್ತಾಳೆ. ಮಣ್ಣಿನ ಬುಟ್ಟಿಯ ವಿಚಾರ ಎತ್ತಿದವರಿಗೆ ಕಾಫಿ ಸಿಗುವುದಿಲ್ಲ. ನಾನು ಎತ್ತುವುದಿಲ್ಲ.

ಹೋದ ವಾರ ಗೋಡೆಯ ಆಚೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನ ದನಿ ಕೇಳಿತು.

"ರಾಮಾಯಿ, ಬೆಳಿಗ್ಗೆಯಿಂದ ತುಳಿದಿದ್ದೀನಿ. ಎಡೆ ಕೊಂಜ ದೊಡ್ಡದಾಗಿ ಹಾಕು."

"ಎಡೈ ಏರ್ತದೆ."

"ಏರಿದ್ರೆ ಏರ್ಲಿ. ಇನ್ನೊಂದು ಗೇಣು ತೋಡ್ತೀನಿ."

ಸೌಟು ಪಾತ್ರೆಗೆ ತಾಗಿದ ಸದ್ದಾಯಿತು. ಒಂದು ಸಲ, ಆಮೇಲೆ ಇನ್ನೊಂದು ಸಲ. ಗೋಡೆಯ ಈಚೆ ನಾನು ಎದ್ದು, ಪಿಳ್ಳಯಾರ್ ಪಟದಿಂದ ಹಿಡಿದು ಎಲ್ಲ ದೇವರನ್ನೂ ಮೊಳೆಯಿಂದ ಇಳಿಸಿ ಹಾಸಿಗೆಯ ಮೇಲೆ ಮಲಗಿಸಿದೆ.